ಕೇಬಲ್ ಡಬ್ಬಿಯ ಅಂಗಿ

ಟೈಲರಮ್ಮನ ಮನೆಯಲ್ಲಿ ಕವರಿಲ್ಲದ ವಸ್ತುವೇ ಇರಲಿಲ್ಲ. ಮಿಕ್ಸಿಗೊಂದು, ರೇಡಿಯೋಗೊಂದು. "ನನಗೂ ಒಂದು ಹೊಲಿದುಬಿಡೇ" ಎಂದು ಗಂಡ ಗೇಲಿ ಮಾಡುತ್ತಿದ್ದ. ಕೇಬಲ್‌ನವರು ಕೊಟ್ಟ ಡಬ್ಬಿಗೂ ಅದು ಬಂದ ದಿನವೇ ಅಂಗಿ ತೊಡಿಸಿದ್ದಳು.

ಈಗ ಟಿ.ವಿ. ನೋಡಲು ಯಾರಿಗೂ ಪುರುಸೊತ್ತಿಲ್ಲ. ಕೇಬಲ್ ಬಿಡಿಸಿ ಡಬ್ಬಿ ವಾಪಸ್ ಕೊಡಲು ಹೋದರೆ ಕಚೇರಿಯ ಗುಮಾಸ್ತ ಅವಳನ್ನು ಅಲೆಸಿದ್ದೇ ಅಲೆಸಿದ್ದು. ಒಂದು ದಿನ "ಸಾಹೇಬ್ರು ರಜಾ, ನಾಳೆ ಬನ್ನಿ" ಎಂದ. ಇನ್ನೊಂದು ದಿನ ರಿಮೋಟ್ ತನ್ನಿ ಎಂದ. ಇವತ್ತು ಡಬ್ಬಿಯನ್ನು ಮೇಜಿನ ಮೇಲಿಡುವಷ್ಟರಲ್ಲೇ ರಾಗ ಎಳೆದ: "ಗೀರು ಬಿದ್ದಿರುತ್ತಮ್ಮ, ಡ್ಯಾಮೇಜ್ ಚಾರ್ಜ್ ಕಟ್ಟಬೇಕು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಕಣ್ಣಲ್ಲಿ ನೋಡೋಕೆ ಮುಂಚೆ ಬಾಯಲ್ಲೇ ಗೀರು ಹಾಕ್ತೀಯಾ?" ಎಂದು ಕವರಿನ ಜಿಪ್ಪನ್ನು ಸರ್ರನೆ ಎಳೆದಳು. ಡಬ್ಬಿ ಹೊಚ್ಚಹೊಸದರಂತೆ ಫಳಫಳ ಹೊಳೆಯಿತು. ಗುಮಾಸ್ತ ತಿರುವಿಮುರುವಿ ನೋಡಿದ. ಏನೂ ಸಿಗದೆ, ಬಾಕಿ ಇಲ್ಲವೆಂದು ಬರೆದು ಸೀಲು ಒತ್ತಿದ.

ಅವಳು ಕವರನ್ನು ಮಡಿಚಿಕೊಳ್ಳುವಾಗ, "ಚೆನ್ನಾಗಿದೆ, ಅದನ್ನ ಇಲ್ಲೇ ಬಿಟ್ಟೋಗಿ ಅಮ್ಮ" ಎಂದು ಹಲ್ಲುಗಿಂಜಿದ.

"ಕೊಡೋಣಂತೆ. ಆದ್ರೆ ಟೈಲರಮ್ಮ ಇವತ್ತು ರಜಾ, ನಾಳೆ ಬಾರಪ್ಪ. ಬರೋವಾಗ ಚಾರ್ಜ್ ತರೋದು ಮರೀಬೇಡ!"