ಮೆಹರ್ಜಿಯಾ ಡಾಕ್ಟರರಿಂದ ದೂರ ಉಳಿದ ಹತ್ತು ವರ್ಷ

ಮೆಹರ್ಜಿಯಾಳ ಕೈಗೆ ಒಮ್ಮೆ ಬೆನ್ನು ಕೊಟ್ಟವರು ಮತ್ತೆ ಬೇರೆಯವರ ಹತ್ತಿರ ಹೋಗುತ್ತಿರಲಿಲ್ಲ. ಕೈರುವಾನ್ ಪಟ್ಟಣದ ಹಳೇ ಕೋಟೆಗೋಡೆಯ ಒಳಗೆ, ಜಮಖಾನೆ ನೇಯುವವರ ಬೀದಿಯ ತುದಿಯಲ್ಲಿರುವ ನಮ್ಮ ಹಮಾಮಿನಲ್ಲಿ, ಅಂದರೆ ಊರವರ ಬಿಸಿನೀರಿನ ಸ್ನಾನದ ಮನೆಯಲ್ಲಿ, ಅವಳು ಇಪ್ಪತ್ತಾರು ವರ್ಷ ಹೆಂಗಸರ ಮೈ ಉಜ್ಜಿದಳು. ನಾನು ದಲೆಂದಾ, ಅದೇ ಹಮಾಮಿನ ಬಾಗಿಲಲ್ಲಿ ಕೂತು ಬಂದವರ ಬಟ್ಟೆಗಂಟು ಕಾಯುವವಳು. ವಯಸ್ಸಿನಲ್ಲಿ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಅಕ್ಕಾ ಎಂದೇ ಕರೆಯುತ್ತಿದ್ದೆ.

ಅವಳು ದಪ್ಪ ಇದ್ದಳು. ಹಾಗೆ ಹೇಳಿದರೆ ನಮ್ಮಲ್ಲಿ ಬೈದ ಹಾಗಲ್ಲ, ಅವಳೇ ಹೇಳಿಕೊಳ್ಳುತ್ತಿದ್ದಳು. ಬಿಸಿಕೋಣೆಯ ಬಾಗಿಲಲ್ಲಿ ಅವಳು ನಿಂತರೆ ಒಳಗಿನ ಹಬೆ ಹೊರಗೆ ಬರುವುದಿಲ್ಲ ಎಂದು ಹೆಂಗಸರು ನಗುತ್ತಿದ್ದರು. "ಹಬೆ ಉಳೀತಲ್ಲ, ಸೌದೆ ಉಳೀತು, ನನಗೆ ದುವಾ ಮಾಡ್ರೇ" ಎಂದು ಅವಳೂ ನಗುತ್ತಿದ್ದಳು. ಹಮಾಮಿನಲ್ಲಿ ಎಲ್ಲರೂ ಬರೀ ಮೈಯವರೇ. ಬಾಣಂತಿಯ ಜೋತ ಹೊಟ್ಟೆ, ಮುದುಕಿಯ ಬಾಗಿದ ಬೆನ್ನು, ಸುಟ್ಟ ಗಾಯ ಎಲ್ಲವನ್ನೂ ಅವಳ ಕೈ ಒಂದೇ ಥರ ಮುಟ್ಟುತ್ತಿತ್ತು. ಮದುಮಗಳು ನಾಚಿ ಮುದುಡಿ ಕೂತರೆ, "ಬಾರೇ ತಾಯಿ, ನನ್ನ ನೋಡು, ನಾನೇ ನಾಚ್ಕೊಂಡಿಲ್ಲ, ನಿಂದೇನು?" ಎನ್ನುತ್ತಿದ್ದಳು. ಹುಡುಗಿ ನಕ್ಕು ಸಡಿಲವಾಗುತ್ತಿದ್ದಳು.

ಅವಳು ನಾಚಿಕೊಂಡದ್ದು ಒಂದೇ ಕಡೆ.

ನಲವತ್ತೊಂದನೇ ವಯಸ್ಸಿನಲ್ಲಿ ಅವಳಿಗೆ ಮುಟ್ಟಿನ ಸ್ರಾವ ವಿಪರೀತವಾಯಿತು. ಗಂಡ ತೀರಿಕೊಂಡು ವರ್ಷವಾಗಿತ್ತು. ಒಬ್ಬಳೇ ಒಂದು ಚಿಕಿತ್ಸಾಲಯಕ್ಕೆ ಹೋದಳು. ಅಲ್ಲಿ ಡಾಕ್ಟರ ಕೋಣೆಗೆ ಬಿಡುವ ಮೊದಲು ಕಾರಿಡಾರಿನಲ್ಲಿ ಎಲ್ಲರೆದುರು ತೂಕದ ಯಂತ್ರ ಹತ್ತಿಸಿದರು. ಮುಳ್ಳು ಕೊನೆಯ ಅಂಕಿಗೆ ಹೋಗಿ ನಿಂತುಬಿಟ್ಟಿತು. ತೂಕ ಬರೆಯುವವನು ಒಳಗೆ ಕೂಗಿದನಂತೆ, "ಸಾರ್, ಇದು ಸಾಲಲ್ಲ, ಇವರನ್ನ ಉಣ್ಣೆ ಸಂತೆ ತಕ್ಕಡಿಗೆ ಕಳಿಸ್ಬೇಕು!" ಬೆಂಚಿನ ಮೇಲಿದ್ದವರು ನಕ್ಕರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಬ್ಬಳು ಮಾತ್ರ ನಗದೆ ನೆಲ ನೋಡಿದಳಂತೆ. ಆ ಒಬ್ಬಳ ಮುಖ ಮೆಹರ್ಜಿಯಾಗೆ ಕೊನೆಯವರೆಗೂ ನೆನಪಿತ್ತು.

ಒಳಗಿದ್ದ ಡಾಕ್ಟರು ಚೀಟಿ ನೋಡಿದರು, ಅವಳನ್ನು ನೋಡಲಿಲ್ಲ. "ಮೊದ್ಲು ಮೂವತ್ತು ಕಿಲೋ ಇಳಿಸ್ಕೊಂಡು ಬಾಮ್ಮಾ. ಎಲ್ಲಾ ಅದರಿಂದ್ಲೇ."

"ಡಾಕ್ಟ್ರೇ, ನಾನು ಬಂದಿದ್ದು..."

"ಅದೇ ಹೇಳಿದ್ನಲ್ಲ. ಬ್ರೆಡ್ಡು ಬಿಡು. ಮುಂದಿನವರನ್ನ ಕರೀರಿ."

ಬಂದದ್ದು ಯಾಕೆಂದು ಅವಳು ಹೇಳಲೇ ಇಲ್ಲ. ಆ ದಿನ ಸೀದಾ ಹಮಾಮಿಗೆ ಬಂದು, ನನ್ನ ಪಕ್ಕದ ಕಟ್ಟೆಯ ಮೇಲೆ ಕೂತು ಇಷ್ಟನ್ನೂ ಹೇಳಿ, "ಯಾರಿಗೂ ಹೇಳ್ಬೇಡ ಕಣೇ" ಎಂದಳು. ಆಮೇಲೆ ಎದ್ದು ಹನ್ನೊಂದು ಜನರ ಬೆನ್ನು ಉಜ್ಜಿದಳು.

ಅಲ್ಲಿಂದ ಹತ್ತು ವರ್ಷ ಅವಳು ಯಾವ ಡಾಕ್ಟರ ಹೊಸ್ತಿಲನ್ನೂ ತುಳಿಯಲಿಲ್ಲ. ಕಾಲಿಗೆ ಕುದಿನೀರು ಬಿದ್ದಾಗ ಜೇನು ಸವರಿಕೊಂಡು ಕೂತಳು. ಎರಡು ವಾರ ಕುಂಟಿದಳು. ಹಲ್ಲು ನೋವಿಗೆ ಲವಂಗ, ಜ್ವರಕ್ಕೆ ಗಿಡಮೂಲಿಕೆ ಮಾರುವವನ ಪೊಟ್ಟಣ. ಮಗಳು ವಿದಾದ್ ಹೆರಿಗೆಗೆಂದು ಆಸ್ಪತ್ರೆ ಸೇರಿದಾಗ ಮೆಹರ್ಜಿಯಾ ಹಿಟ್ಟಿನ ಗಂಜಿ ಮಾಡಿಕೊಂಡು ಗೇಟಿನವರೆಗೆ ಹೋದಳು. ಬಾಗಿಲ ಸಂದಿನಿಂದ ಕಾರಿಡಾರಿನ ತೂಕದ ಯಂತ್ರ ಕಂಡಿತು. ಅದು ತನಗಾಗಿ ಇಟ್ಟದ್ದಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಕಾಲು ಮುಂದೆ ಬರಲಿಲ್ಲ. ಗಂಜಿಯನ್ನು ಕಾವಲುಗಾರನ ಕೈಗೆ ಕೊಟ್ಟು ವಾಪಸು ಬಂದಳು. ಮೊಮ್ಮಗಳ ಮುಖ ನೋಡಿದ್ದು ಮೂರು ದಿನದ ಮೇಲೆ, ಮನೆಗೆ ಕರೆತಂದಾಗ. ವಿದಾದ್ ಆ ಸಿಟ್ಟನ್ನು ಬಹಳ ದಿನ ಇಟ್ಟುಕೊಂಡಿದ್ದಳು. ಕಾರಣ ನನಗೆ ಗೊತ್ತಿತ್ತು, ಆದರೆ ಯಾರಿಗೂ ಹೇಳಬಾರದೆಂದು ಮಾತು ಕೊಟ್ಟಿದ್ದೆ.

ಐವತ್ತರ ಹೊತ್ತಿಗೆ ಅವಳ ಮುಟ್ಟು ನಿಂತಿತ್ತು. ಐವತ್ತೊಂದರ ಬೇಸಿಗೆಯಲ್ಲಿ, ಒಂದು ಗುರುವಾರ, ಹಮಾಮು ಗಿಜಿಗುಡುತ್ತಿದ್ದಾಗ, ಅವಳು ಉಜ್ಜುವುದನ್ನು ಅರ್ಧಕ್ಕೆ ಬಿಟ್ಟು ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ನೀರು ತೆಗೆದುಕೊಂಡು ಹೋದೆ. ಸೊಂಟಕ್ಕೆ ಎರಡು ಪಂಚೆ ಒಂದರ ಮೇಲೊಂದು ಕಟ್ಟಿದ್ದಳು. ಒಳಗಿನದರಲ್ಲಿ ಕಲೆ ಕಂಡಿತು.

"ಇದೇನಕ್ಕಾ? ನಿಂತು ವರ್ಷ ಆಯ್ತಲ್ಲ?"

"ಮೆಲ್ಲಗೆ ಮಾತಾಡೇ. ಎರಡು ತಿಂಗಳಿಂದ ಹೀಗೇ. ಬರುತ್ತೆ, ಹೋಗುತ್ತೆ."

"ನಡಿ, ನಾಳೆನೇ ಡಾಕ್ಟ್ರ ಹತ್ರ ಹೋಗೋಣ."

ಅವಳು ನನ್ನ ಕೈ ಹಿಡಿದುಕೊಂಡಳು. "ಹೋಗ್ತೀನಿ ದಲೆಂದಾ, ಅಲ್ಲಾನಾಣೆ ಹೋಗ್ತೀನಿ. ಆದ್ರೆ ಹೀಗಲ್ಲ. ಒಂದು ಹತ್ತು ಕಿಲೋ ಇಳಿಸ್ಕೊಂಡು ಹೋಗ್ತೀನಿ. ಆಗ ಅವರು ಬೈಯೋಕೆ ಮುಂಚೆ ನಾನೇ ಹೇಳ್ಬಹುದು, ನೋಡಿ, ನಾನು ಸುಮ್ನೆ ಕೂತಿಲ್ಲ ಅಂತ."

ನಾನು ವಾದಿಸಿದೆ. ಬೈದೆ. ಒಂದು ದಿನ ಬೆಳಿಗ್ಗೆ ಅವಳ ಮನೆ ಬಾಗಿಲಿಗೇ ಹೋಗಿ ನಿಂತೆ. ತಲೆವಸ್ತ್ರ ಹಾಕಿಕೊಂಡು ಮೆಟ್ಟಿಲು ಇಳಿದವಳು ಬೀದಿಯ ತಿರುವಿನಲ್ಲಿ ಬೆವರಿ, ಗೋಡೆ ಹಿಡಿದು, ಉಸಿರು ಸಿಗದೆ ನಿಂತಳು. "ಇವತ್ತು ಬೇಡಮ್ಮಾ" ಎಂದಳು ಚಿಕ್ಕ ಹುಡುಗಿಯ ಹಾಗೆ. ನನಗೆ ಎಳೆದೊಯ್ಯಲು ಮನಸ್ಸಾಗಲಿಲ್ಲ. ಎಳೆಯಬೇಕಿತ್ತು.

ಅವಳು ಬ್ರೆಡ್ಡು ಬಿಟ್ಟಳು. ಬೆಳಿಗ್ಗೆ ಜೀರಿಗೆ ನಿಂಬೆರಸದ ನೀರು, ಮಧ್ಯಾಹ್ನ ಒಂದು ಬಟ್ಟಲು ಬೇಯಿಸಿದ ತರಕಾರಿ. ಜನ ಏಳುವ ಮೊದಲೇ ಊರಾಚೆಯ ದೊಡ್ಡ ನೀರಿನ ಕೊಳಗಳ ಸುತ್ತ ನಡೆದು ಬರುತ್ತಿದ್ದಳು. ಮೊದಲ ತಿಂಗಳು ಏನೂ ಆಗಲಿಲ್ಲ. ಆಮೇಲೆ ಇಳಿಯತೊಡಗಿತು. ಮೊದಲು ಮುಖ, ಆಮೇಲೆ ತೋಳು. ಚಳಿ ಶುರುವಾಗುವ ಹೊತ್ತಿಗೆ ಅವಳ ಉಡುಪು ಹೆಗಲಿಂದ ಜಾರುತ್ತಿತ್ತು.

ಹಮಾಮಿನಲ್ಲಿ ಅದೇ ಮಾತು. "ಮೆಹರ್ಜಿಯಾ, ಏನು ತಿಂತಿದ್ದೀಯೇ, ನಮಗೂ ಹೇಳು!" "ಮರುಮದುವೆ ಗೊತ್ತಾಗಿದ್ಯಾ?" "ವಯಸ್ಸು ಹತ್ತು ವರ್ಷ ಇಳೀತು ನಿಂದು!" ಅವಳು ಕೆಂಪಾಗಿ ನಗುತ್ತಿದ್ದಳು. ಒಂದು ದಿನ ಅವಳು ಕನ್ನಡಿಯ ಮುಂದೆ ನಿಂತು ಸೊಂಟದ ಪಟ್ಟಿ ಬಿಗಿಯುತ್ತಿದ್ದಾಗ ನಾನೂ ಹೇಳಿದೆ: "ಅಕ್ಕಾ, ಮದುಮಗಳ ಥರ ಕಾಣ್ತಿದ್ದೀಯ." ದೃಷ್ಟಿಯಾಗದಿರಲಿ ಎಂದು ಮರ ಮುಟ್ಟಿದೆ ಕೂಡ. ಅವಳು ತರಕಾರಿಯನ್ನೂ ಅರ್ಧ ಬಿಡುತ್ತಿದ್ದಾಳೆ, ಬಕೆಟ್ಟು ಎತ್ತಲು ಎರಡು ಕೈ ಬೇಕಾಗಿದೆ, ಇವೆಲ್ಲ ನನ್ನ ಕಣ್ಣೆದುರೇ ಇತ್ತು. ನೋಡಿಯೂ ನನಗೆ ಹೊಳೆಯಲಿಲ್ಲ. ಇಳಿಯುತ್ತಿರುವುದು ಅವಳ ಪ್ರಯತ್ನದಿಂದ ಎಂದೇ ಅವಳೂ ನಾನೂ ನಂಬಿದ್ದೆವು.

"ಈಗ ಹೋಗ್ಬಹುದು" ಎಂದು ಅವಳೇ ಒಂದು ಸೋಮವಾರ ಬಂದು ಹೇಳಿದಳು. ಹಬ್ಬದ ಉಡುಪು ಹಾಕಿದ್ದಳು. ಅದಕ್ಕೆ ಎರಡು ಕಡೆ ಹೊಲಿಗೆ ಹಾಕಿ ಕಿರಿದು ಮಾಡಿದ್ದಳು. ಕಾಲಿಗೆ ಅತಿ ತೆಳುವಾದ ಚಪ್ಪಲಿ. "ಇದು ತೂಗಲ್ಲ" ಎಂದಳು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

ಈ ಸಲ ನಾವಿಬ್ಬರೂ ಹೋದದ್ದು ಬೇರೊಂದು ಕಡೆ, ವಿದಾದ್ ಕೇಳಿ ಗೊತ್ತು ಮಾಡಿದ್ದ ಹೆಂಗಸು ಡಾಕ್ಟರ ಹತ್ತಿರ. ಮೂವತ್ತೈದು ದಾಟದ ಹುಡುಗಿ. ಒಳಗೆ ಹೋಗುತ್ತಲೇ ಮೆಹರ್ಜಿಯಾ ಸುತ್ತ ನೋಡಿ, ಮೂಲೆಯಲ್ಲಿದ್ದ ತೂಕದ ಯಂತ್ರದ ಕಡೆ ತಾನೇ ನಡೆದು ಚಪ್ಪಲಿ ಬಿಡತೊಡಗಿದಳು.

"ಅದು ಆಮೇಲೆ ನೋಡೋಣ ಅಮ್ಮಾ. ಬನ್ನಿ, ಕೂತ್ಕೊಳ್ಳಿ. ಏನು ತೊಂದರೆ ಅಂತ ಮೊದ್ಲು ಹೇಳಿ."

ಮೆಹರ್ಜಿಯಾ ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದೇ ಕೂತಳು. ಅಳು ಬಂತು. ಡಾಕ್ಟರು ಅವಸರ ಮಾಡಲಿಲ್ಲ. ಎಲ್ಲ ಕೇಳಿಸಿಕೊಂಡು, ಪರದೆಯ ಹಿಂದೆ ಕರೆದುಕೊಂಡು ಹೋಗಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಹೊರಗೆ ಬಂದಾಗ ಅವರ ಮುಖ ಬದಲಾಗಿತ್ತು.

"ರಕ್ತ ಹೋಗೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಎಂಟು ತಿಂಗಳು! ಯಾಕೆ ಬರ್ಲಿಲ್ಲ ಅಮ್ಮಾ?"

"ಇಳಿಸ್ಕೊಂಡು ಬರೋಣ ಅಂತ" ಎಂದಳು ಮೆಹರ್ಜಿಯಾ. ಆಮೇಲೆ, ಮೆಚ್ಚುಗೆಗೆ ಕಾಯುವವಳ ಹಾಗೆ, "ಇಳಿಸಿದೀನಿ" ಎಂದಳು.

ಡಾಕ್ಟರು ಚೀಟಿ ಬರೆಯತೊಡಗಿದರು.

ಸೂಸ್ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಿದರು. ವಿದಾದ್ ಕೂಡ ನಮ್ಮ ಜೊತೆ ಬಂದಳು. ಗರ್ಭಕೋಶದಲ್ಲಿ ಹುಟ್ಟಿದ ಗಡ್ಡೆ ಪಿತ್ತಜನಕಾಂಗಕ್ಕೆ, ಶ್ವಾಸಕೋಶಕ್ಕೆ ಹರಡಿತ್ತು. ಕೊಯ್ದು ತೆಗೆಯುವ ಹಂತ ದಾಟಿದೆ, ನೋವು ಕಡಿಮೆ ಮಾಡಬಹುದು ಎಂದರು. ಬೇಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ವಿದಾದ್ ಕೇಳಿದಳು. ಅಲ್ಲಿಯ ಡಾಕ್ಟರು, "ಈ ಕಾಯಿಲೆ ಮೊದಲೇ ಸಿಕ್ಕಿದ್ರೆ ಬಹಳ ಜನ ಉಳೀತಾರೆ" ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ವಾಪಸು ಬರುವಾಗ, ಮೆಹರ್ಜಿಯಾ ಮುಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಾಗ, ನಾನು ಕೊಟ್ಟ ಮಾತು ಮುರಿದು, ಅಂದಿನ ತೂಕದ ಯಂತ್ರದ ಕಥೆಯನ್ನು ವಿದಾದ್‌ಗೆ ಹೇಳಿದೆ. ಅವಳು ಕಿಟಕಿಗೆ ಹಣೆ ಒತ್ತಿ ಕೂತವಳು ಕೈರುವಾನ್ ಬರುವವರೆಗೂ ತಿರುಗಲಿಲ್ಲ.

ಕೊನೆಯ ವಾರಗಳಲ್ಲಿ ನಾನು ಮಧ್ಯಾಹ್ನ ಮಧ್ಯಾಹ್ನ ಅವಳ ಹತ್ತಿರ ಹೋಗಿ ಕೂರುತ್ತಿದ್ದೆ. ಅವಳಿಗೆ ಖರ್ಜೂರದ ಮಿಠಾಯಿ ಬಹಳ ಇಷ್ಟ. ತಂದುಕೊಟ್ಟರೆ ಅಂಚನ್ನು ಮಾತ್ರ ನೆಕ್ಕಿ ಇಡುತ್ತಿದ್ದಳು. ಒಂದು ದಿನ ಕೇಳಿದಳು: "ದಲೆಂದಾ, ಅವತ್ತು ನಾನು ತೆಳ್ಳಗಿದ್ದಿದ್ರೆ ಅವನು ನನ್ನ ಮಾತು ಕೇಳ್ತಿದ್ನಾ?"

"ಕೇಳ್ತಿದ್ದ ಅಕ್ಕಾ."

"ಹಾಗಾದ್ರೆ ತಪ್ಪು ನಂದೇ."

"ಅಲ್ಲ! ಅದು ಹೆಂಗೆ ನಿಂದಾಗುತ್ತೆ?" ಎಂದು ಕೂಗಿದೆ. ಅವಳು ಆಗಲೇ ಕಣ್ಣು ಮುಚ್ಚಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯದು.

ಬಾದಾಮಿ ಮರಗಳು ಹೂ ಬಿಟ್ಟ ವಾರ ಅವಳು ತೀರಿಕೊಂಡಳು.

ನಲವತ್ತನೇ ದಿನದ ಕಾರ್ಯ ಮುಗಿದ ಮೇಲೆ ವಿದಾದ್ ಪಾತ್ರೆ ಎತ್ತಿಡುತ್ತಾ, ತನಗೂ ತಿಂಗಳಲ್ಲಿ ಹನ್ನೆರಡು ದಿನ ರಕ್ತ ಹೋಗುತ್ತಿದೆ, ತಲೆ ಸುತ್ತುತ್ತದೆ ಎಂದಳು. ಅವಳದೂ ತಾಯಿಯದೇ ಮೈಕಟ್ಟು.

"ಡಾಕ್ಟ್ರಿಗೆ ತೋರಿಸ್ದ್ಯಾ?"

"ಮುಂದಿನ ತಿಂಗಳು ಹೋಗ್ತೀನಿ ಚಿಕ್ಕಮ್ಮಾ. ಸ್ವಲ್ಪ ಈ ಹೊಟ್ಟೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ನಾನು ಗೂಟದಿಂದ ಅವಳ ತಲೆವಸ್ತ್ರ ತೆಗೆದು ಕೈಗೆ ಕೊಟ್ಟೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟೆವು. ದಾರಿಯುದ್ದಕ್ಕೂ ಅವಳು ಅಳುತ್ತಲೇ ನಡೆದಳು. ಮೂರು ಸಲ ನಿಂತಳು. ಮೂರು ಸಲವೂ ನಾನು ರಟ್ಟೆ ಹಿಡಿದು ಎಳೆದೆ. ಕೈ ನೋಯುವಷ್ಟು ಎಳೆದೆ. ಅದೇ ಹೆಂಗಸು ಡಾಕ್ಟರು ಪರೀಕ್ಷೆ ಮಾಡಿದರು. ಅವಳಿಗೆ ರಕ್ತ ಕಡಿಮೆಯಾಗಿತ್ತು, ಬೇರೆ ಏನೂ ಸಿಗಲಿಲ್ಲ. ಮಾತ್ರೆ ಬರೆದುಕೊಟ್ಟು, ತಿಂಗಳು ಬಿಟ್ಟು ಬರಲು ಹೇಳಿದರು.

ವಾಪಸು ಬರುವಾಗ ಸಂತೆಬೀದಿಯಲ್ಲಿ ಅವಳು ಒಮ್ಮೆಲೇ ಕೇಳಿದಳು: "ಅಮ್ಮನ್ನೂ ಹೀಗೇ ಎಳ್ಕೊಂಡು ಹೋಗಿದ್ರೆ ಚಿಕ್ಕಮ್ಮಾ?"

"ಹ್ಞೂಂ" ಎಂದೆ. ಅವಳು ನನ್ನ ಕೈ ಬಿಡಲಿಲ್ಲ. ಹಾಗೇ ನಡೆದುಕೊಂಡು ಮನೆಗೆ ಬಂದೆವು.