ನೂರು ಡಿಗ್ರಿಯ ಆಚೆ

ಅಥವಾ ಅದು ತೊಂಬತ್ತರ ಆಗಸ್ಟ್ ಆಗಿರಲಿಲ್ಲವೇನೋ, ಸೆಪ್ಟೆಂಬರ್ ಬಂದಾಗಿತ್ತೇನೋ. ಇರಾಕಿ ಸೈನಿಕರು ಕುವೈತಿನೊಳಗೆ ನುಗ್ಗಿ ಶುವೈಖ್ ಬಡಾವಣೆಯ ಶೋರೂಮುಗಳಿಂದ ಕಾರು ಒಯ್ಯುತ್ತಿದ್ದರು. ನಾನೇ ಕಂಡೆನೋ, ಯಾರಾದರೂ ಹೇಳಿದ್ದನ್ನು ಕಂಡಂತೆ ಇಟ್ಟುಕೊಂಡೆನೋ, ಆಣೆ ಮಾಡಲಾರೆ. ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿದ್ದ ಗಾಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಕಾರಿನಂತೆ ಕಾಣುತ್ತಲೇ ಇರಲಿಲ್ಲ. ಇಂಗ್ಲೆಂಡಿನಿಂದ ಬಿಡಿಬಿಡಿಯಾಗಿ ಬಂದದ್ದನ್ನು ಜೋಡಿಸಿದ್ದು. ಎರಡೇ ಸೀಟು, ಬಾಗಿಲಿಲ್ಲ, ಒಳಗೆ ಜಪಾನಿನ ಮೋಟಾರ್‌ಸೈಕಲ್ ಎಂಜಿನ್.

ಅದರ ಯಜಮಾನ ಒಬ್ಬ ಕುವೈತಿ ತರುಣ. ಅವನ ದೊಡ್ಡ ಗಾಡಿ ಸೈನಿಕರ ಪಾಲಾಗಿತ್ತು. ಬಸುರಿ ಹೆಂಡತಿಯನ್ನು ಇದರಲ್ಲಿ ಕೂರಿಸಿಕೊಂಡು, ರಸ್ತೆ ಬಿಟ್ಟು ಗಟ್ಟಿ ನೆಲದ ಮೇಲೆ ಸೌದಿ ಗಡಿಗೆ ಹೋಗುತ್ತೇನೆಂದ.

"ರಫೀಕ್, ಎಂಜಿನ್ ಕಾದರೆ ಈ ಮೀಟರ್ ಸಚ್ ಬೋಲೇಗಾ?" ಎಂದು ಕೇಳಿದ; ನಮ್ಮಂಥವರೆಲ್ಲ ಅವರಿಗೆ ರಫೀಕ್, ಅಂದರೆ ಗೆಳೆಯ.

ನಾನು ಎಲೆಕ್ಟ್ರಿಷಿಯನ್. ಮೀಟರು ಇಂಗ್ಲೆಂಡಿನದು, ಶಾಖ ತಿಳಿಸುವ ಸೆನ್ಸರ್ ಜಪಾನಿನದು. ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತದೆಂಬ ಭರವಸೆ ಇರಲಿಲ್ಲ. ಮಂಗಳೂರಿನ ಕಡೆಯ ಮೆಕ್ಯಾನಿಕ್ ಗೆಳೆಯ ಸೀಮೆಎಣ್ಣೆ ಸ್ಟೌ ಮೇಲೆ ಚಹಾ ಪಾತ್ರೆ ಇಟ್ಟ. ಸೆನ್ಸರ್ ನೀರಿಗೆ ಇಳಿಸಿ, ಬ್ಯಾಟರಿಯಿಂದ ವೈರು ಎಳೆದೆ. ನೀರು ಕುದಿಯಿತು. ಮೀಟರಿನ ಮುಳ್ಳು ಹಸಿರು ಭಾಗದಲ್ಲೇ ಹಾಯಾಗಿ ನಿಂತಿತ್ತು.

"ಸುಳ್ಳು ಹೇಳ್ತದೆ ಇದು," ಎಂದ ಗೆಳೆಯ. "ಥೇಟ್ ನಿನ್ನ ಹಾಗೆ."

ಮುಳ್ಳು ನಿಂತ ಕಡೆ ಗಾಜಿನ ಮೇಲೆ ಬಣ್ಣದ ಗೆರೆ ಎಳೆದೆವು. ಆದರೆ ರೇಡಿಯೇಟರಿನ ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿಯೂ ತಡೆಯುತ್ತದೆ; ಎಂಜಿನ್ ಕೆಟ್ಟುಹೋಗುವುದು ಅದರ ಆಚೆ. ಆಗ ಮುಳ್ಳು ಎಲ್ಲಿರುತ್ತದೆ?

"ಪಾತ್ರೆಯ ನೀರು ನೂರರ ಮೇಲೆ ಹೋಗ್ತದಾ ಮಾರಾಯ? ಎಣ್ಣೆ ಇಡುವ," ಎಂದ ಗೆಳೆಯ.

"ಎಣ್ಣೆ ಎಲ್ಲುಂಟು? ಇರುವುದು ಅಡುಗೆಗೆ."

"ಬಸುರಿ ಹೆಂಗಸು ಕೂತ್ಕೊಳ್ಳುವ ಗಾಡಿ. ನಾಲ್ಕು ದಿನ ಎಣ್ಣೆಯಲ್ಲಿ ಕರಿದ ಪೋಡಿ ತಿನ್ನದಿದ್ದರೆ ನೀನೇನು ಸಾಯುವುದಿಲ್ಲ."

ಇಲ್ಲಿಂದ ನೆನಪು ಎರಡಾಗುತ್ತದೆ. ಒಂದರಲ್ಲಿ ಎಣ್ಣೆ ಕಾಯುತ್ತದೆ, ಎಲ್ಲಿಂದಲೋ ತಂದ ಥರ್ಮಾಮೀಟರಿನ ಪಾದರಸ ಏರುತ್ತದೆ, ಮುಳ್ಳು ಅಲುಗುತ್ತದೆ, ಕಮಟು ವಾಸನೆಯೂ ಇದೆ. ಇನ್ನೊಂದರಲ್ಲಿ ತರುಣ ಹೊರಗಿನಿಂದ ಓಡಿಬಂದು "ಯಲ್ಲಾ, ಖಲಾಸ್", ಸಾಕು, ಹೊರಡಬೇಕು, ಎನ್ನುತ್ತಾನೆ. ಸೆನ್ಸರನ್ನು ಎಂಜಿನ್ನಿಗೆ ತಿರುಗಿಸಿ ಕೂರಿಸಿ, ಎರಡನೆಯ ಗೆರೆಯನ್ನು ಮೊದಲನೆಯದರಿಂದ ಒಂದು ಬೆರಳು ಆಚೆ, ಬರೀ ಅಂದಾಜಿನಲ್ಲಿ ಎಳೆದುಬಿಡುತ್ತೇವೆ. ವರ್ಷಗಳ ನಂತರ ಆ ಗೆಳೆಯ ಫೋನಿನಲ್ಲಿ ನನ್ನನ್ನೇ ಕೇಳಿದ: "ಎಣ್ಣೆ ಇಟ್ಟಿದ್ದೆವಲ್ವಾ ನಾವು?"

ಗೆರೆ ಎರಡಿದ್ದದ್ದು ಖಂಡಿತ. ಮೊದಲನೆಯದಕ್ಕೆ ನಿಧಾನಿಸು, ಎರಡನೆಯದಕ್ಕೆ ಎಂಜಿನ್ ಆರಿಸು, ಎಲ್ಲಿದ್ದರೂ ಸರಿ ಎಂದು ತರುಣನಿಗೆ ಹೇಳಿದೆ. "ಸೈನಿಕರು ಎದುರಾದರೆ?" ಎಂದ. ಗಾಡಿ ಹತ್ತಿ ಹೊರಟುಹೋದ.

ಆಮೇಲೆ ನಾವೂ ಜೋರ್ಡಾನಿನ ಅಮ್ಮಾನ್ ದಾರಿ ಹಿಡಿದು ಊರು ಸೇರಿದೆವು. ಮರುವರ್ಷ ಯುದ್ಧ ಮುಗಿದ ಮೇಲೆ ನಾನೊಬ್ಬನೇ ಕುವೈತಿಗೆ ಮರಳಿ ಹೋದೆ. ಆ ತರುಣನ ಮನೆ ಜಹ್ರಾ ಪಟ್ಟಣದಲ್ಲಿ ಎಂದಷ್ಟೇ ಗೊತ್ತಿತ್ತು. ಅಲ್ಲಿನ ಅಂಗಡಿಗಳಲ್ಲಿ ವಿಚಾರಿಸಿದೆ. ಆ ವಿಚಿತ್ರ ಗಾಡಿಯನ್ನು ಒಂದಿಬ್ಬರು ಕಂಡಿದ್ದರು, ಯುದ್ಧಕ್ಕೆ ಮೊದಲು. ಆ ಗಂಡಹೆಂಡತಿ ಗಡಿ ದಾಟಿದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.