ಮರಳಿನ ಮೇಲೆ ತೆಂಗಿನೆಣ್ಣೆ

ಇವತ್ತು ಬೆಳಿಗ್ಗೆ ತಲೆಗೆ ಹಚ್ಚೋಣವೆಂದು ತೆಂಗಿನೆಣ್ಣೆಯ ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ನಮ್ಮ ಉಡುಪಿಯ ಕಡೆ ಎಣ್ಣೆ ಗಟ್ಟಿಯಾಗುವಷ್ಟು ಚಳಿ ವರ್ಷಕ್ಕೆ ನಾಲ್ಕೈದು ದಿನ ಬಿದ್ದರೆ ಹೆಚ್ಚು. ಹಚ್ಚಲು ತಲೆಯಲ್ಲಿ ಉಳಿದಿರುವುದಾದರೂ ಎಷ್ಟು ಎಂದು ನೀವು ಕೇಳಬಾರದು, ಅಭ್ಯಾಸ ಬಿಡುವುದಿಲ್ಲ. ಬಾಟಲಿಯೊಳಗಿನ ಆ ಬೆಳ್ಳಗಿನ ಗಟ್ಟಿಯನ್ನು ನೋಡುತ್ತ ನಿಂತವನಿಗೆ ಇಸ್ಮಾಯಿಲ್ ನೆನಪಾದ. ಒಬ್ಬನೇ ನಕ್ಕೆ.

ಎಂಬತ್ತರ ದಶಕದಲ್ಲಿ ನಾನು ಸೌದಿಯ ಅಬ್ಕೈಕ್‌ನಲ್ಲಿ, ಒಂದು ಗುತ್ತಿಗೆ ಕಂಪೆನಿಯ ಕ್ಯಾಂಪಿನಲ್ಲಿ ಹಾಜರಿ ಬರೆಯುವ ಗುಮಾಸ್ತನಾಗಿದ್ದೆ. ಉಳ್ಳಾಲದ ಇಸ್ಮಾಯಿಲ್ ಅಲ್ಲಿಯ ಗ್ಯಾರೇಜಿನಲ್ಲಿ ಟಯರ್ ಕೆಲಸಕ್ಕಿದ್ದ. ಮನೆಮಾತು ಬ್ಯಾರಿ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರಿಂದ ಕನ್ನಡ ಮಾತಾಡುತ್ತಿದ್ದ, ಆದರೆ ಬರೆಯಲು ಬರುತ್ತಿರಲಿಲ್ಲ. ಹೆಂಡತಿಗೂ ಓದು ಬಾರದು. ಮಗಳು ಮೈಮುನಾ ಮಾತ್ರ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹಾಗಾಗಿ ಊರಿಗೆ ಹೋಗುವ ಕಾಗದ ಬರೆಯುವವನು ನಾನು, ಅಲ್ಲಿ ಅದನ್ನು ಮನೆಯವರಿಗೆಲ್ಲ ಓದಿ ಹೇಳುವವಳು ಅವಳು. ಈ ಉಪಕಾರಕ್ಕಾಗಿ ಇಸ್ಮಾಯಿಲ್ ನನ್ನನ್ನು 'ರೈಟರ್ರೇ' ಎಂದು ಕರೆಯುತ್ತಿದ್ದ. ಗುಮಾಸ್ತ ಎನ್ನುವ ಅರ್ಥದಲ್ಲಿಯೇ ಕರೆದದ್ದು, ನಾನು ಮಾತ್ರ ಬೇರೆ ಅರ್ಥದಲ್ಲಿ ತೆಗೆದುಕೊಂಡು ಉಬ್ಬಿದ್ದೆ.

ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಬಹುಮಾನ ಬಂದವರ ಸಹವಾಸ ಒಳ್ಳೆಯದಲ್ಲ. 'ಇಲ್ಲಿ ಸೆಕೆ' ಎಂದು ಇಸ್ಮಾಯಿಲ್ ಹೇಳಿದರೆ ನಾನು ಸೂರ್ಯದೇವನ ಪ್ರಖರ ಕಿರಣಗಳಿಂದ ಆರಂಭಿಸುತ್ತಿದ್ದೆ. ಅವನ ಎರಡು ಮಾತು ನನ್ನ ಕೈಯಲ್ಲಿ ಎರಡು ಪುಟವಾಗುತ್ತಿತ್ತು. ಬರೆದದ್ದನ್ನು ಪೂರ್ತಿ ಓದಿ ಹೇಳುವ ತಾಳ್ಮೆ ನನಗಿರಲಿಲ್ಲ, ಕೇಳುವ ಸಂಶಯ ಅವನಿಗಿರಲಿಲ್ಲ.

ನಮ್ಮಲ್ಲಿ ನಾರ್ವೆಯ ಒಬ್ಬ ಎಂಜಿನಿಯರಿದ್ದ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಈ ಮರುಭೂಮಿಗೂ ಹೊತ್ತು ತಂದಿದ್ದ ಪುಣ್ಯಾತ್ಮ. ಶುಕ್ರವಾರದ ರಜೆ ಬಂತೆಂದರೆ ಮರಳಿನ ದಿಬ್ಬ ಹತ್ತಿ ಜಾರುತ್ತಿದ್ದ. "ಎಂಜಿನಿಯರು ಹಲಗೆ ಕಟ್ಟಿಕೊಂಡು ಮರಳಲ್ಲಿ ಜಾರ್ತಾನೆ ಅಂತ ಬರೀರಿ, ಮಗುವಿಗೆ ತಮಾಷೆ ಆಗ್ತದೆ," ಎಂದ ಇಸ್ಮಾಯಿಲ್. ಇಷ್ಟು ಚೆಂದದ ದೃಶ್ಯದಲ್ಲಿ ಕಥಾನಾಯಕನೇ ಇಲ್ಲವಲ್ಲ ಎನಿಸಿತು ನನಗೆ. ನಿನ್ನ ತಂದೆಯೂ ಹಲಗೆ ಕಟ್ಟಿಕೊಂಡು ಹಕ್ಕಿಯಂತೆ ಬೆಟ್ಟ ಇಳಿಯುತ್ತಾರೆ ಎಂದು ಸೇರಿಸಿಬಿಟ್ಟೆ.

ತಿಂಗಳ ಮೇಲೆ ಉತ್ತರ ಬಂತು. ನಾನೇ ಓದಿ ಹೇಳಬೇಕಲ್ಲ, ಓದಿದೆ. "ಉಪ್ಪ, ನೀವು ಜಾರುವುದನ್ನು ಶಾಲೆಯಲ್ಲಿ ಹೇಳಿದೆ. ಎಲ್ಲರೂ ಸುಳ್ಳು ಎಂದರು. ಫೋಟೋ ಕಳಿಸಿ."

"ನಾನು ಯಾವಾಗ ಜಾರಿದ್ದು?" ಎಂದ ಇಸ್ಮಾಯಿಲ್. ಮುಂದಿನ ಕಾಗದದಲ್ಲಿ ಏನಾದರೂ ಬರೆದು ಸರಿಮಾಡುತ್ತೇನೆ ಎಂದೆ.

"ಬೇಡ ರೈಟರ್ರೇ. ನಾನು ಊರಿಗೆ ಹೋಗದೆ ಮೂರು ವರ್ಷ ಆಯ್ತು. ಅವಳಿಗೆ ಉಪ್ಪ ಅಂದ್ರೆ ಈ ಕಾಗದವೇ. ಇದು ಸುಳ್ಳಾದ್ರೆ ನಾನೇ ಸುಳ್ಳಾಗ್ತೇನೆ."

ಅವನು ಬೈದಿದ್ದರೆ ವಾಸಿಯಿತ್ತು. ಮಗಳ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, "ಈಗ ಒಂದೇ ದಾರಿ ಇರುವುದು. ಜಾರಬೇಕು," ಎಂದ.

ನಮ್ಮ ಅದೃಷ್ಟಕ್ಕೆ ಎಂಜಿನಿಯರು ಆ ಜನವರಿಯಲ್ಲಿ ಊರಿಗೆ ಹೊರಟಿದ್ದ. ಇಸ್ಮಾಯಿಲ್ ಕೇಳಿದ ಕೂಡಲೇ ಹಲಗೆಗಳನ್ನು ಕೊಟ್ಟ. ಜಾರುವ ಮೊದಲು ಅಡಿಗೆ ಮೇಣ ತಿಕ್ಕಬೇಕು ಎಂದಷ್ಟೇ ಹೇಳಿಹೋದ. ಮೇಣ ಎಲ್ಲಿಂದ ತರುವುದು? ಶುಕ್ರವಾರ ಬೆಳಿಗ್ಗೆ ರೂಮಿನ ಚಳಿಗೆ ನನ್ನ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿ ಕುಳಿತಿತ್ತು. "ಇದೇ ಅಲ್ವಾ ಮೇಣ," ಎಂದ ಇಸ್ಮಾಯಿಲ್. ಎಸ್ಸೆಸ್ಸೆಲ್ಸಿ ಪಾಸಾದ ನಾನೂ ಹೌದು ಎಂದು ತಲೆಯಾಡಿಸಿ, ಚಮಚದಿಂದ ಕೆದಕಿ ಕೆದಕಿ ಕೊಟ್ಟೆ.

ಅಲ್ಲಿಯ ತೈಲ ಪ್ಲಾಂಟಿನ ಹತ್ತಿರ ಕ್ಯಾಮೆರಾ ತೆಗೆಯುವಂತಿರಲಿಲ್ಲ. ಹಾಗಾಗಿ ಗ್ಯಾರೇಜಿನ ಪಿಕಪ್ಪಿನಲ್ಲಿ ದೂರದ ದಿಬ್ಬಗಳ ಕಡೆ ಹೊರಟೆವು. ಜುಮಾ ನಮಾಜಿಗೆ ಮೊದಲು ಅವನು ವಾಪಸಾಗಬೇಕಿತ್ತು. ಕ್ಯಾಮೆರಾ ಮೆಸ್ಸಿನ ಅಡುಗೆಯವನದ್ದು, ರೀಲಿನಲ್ಲಿ ಉಳಿದಿದ್ದದ್ದು ಎರಡೇ ಫೋಟೋ. ಡಾಂಬರು ಮುಗಿದಲ್ಲಿ ಗಾಡಿ ನಿಲ್ಲಿಸಿ, ಆಳಿಗೊಂದು ಹಲಗೆ ಹೆಗಲ ಮೇಲೆ ಹೊತ್ತು ಹತ್ತತೊಡಗಿದೆವು. ಎರಡು ಹೆಜ್ಜೆ ಏರಿದರೆ ಮರಳು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತಿತ್ತು. ನೆತ್ತಿ ಮುಟ್ಟುವಾಗ ಬಿಸಿಲೇರಿತ್ತು. ಇಸ್ಮಾಯಿಲ್ ಸೇಫ್ಟಿ ಶೂಗಳನ್ನು ಹಲಗೆಗೆ ಟಯರ್ ಟ್ಯೂಬಿನ ಪಟ್ಟಿಯಿಂದ ಬಿಗಿದುಕೊಂಡು, ಬಿಸ್ಮಿಲ್ಲಾ ಹೇಳಿ ಮುಂದಕ್ಕೆ ವಾಲಿದ. ಹಲಗೆ ಅಲ್ಲಾಡಲಿಲ್ಲ. ಇನ್ನೂ ವಾಲಿದ. ಊಹೂಂ.

ಎತ್ತಿ ನೋಡಿದರೆ ಎಣ್ಣೆ ಕರಗಿ, ಅಡಿಗೆಲ್ಲ ಮರಳು ಮೆತ್ತಿಕೊಂಡು, ಹಲಗೆಗಳು ರವೆ ಹಚ್ಚಿದ ಬಂಗುಡೆ ಮೀನಿನ ಹಾಗಿದ್ದವು.

"ಇನ್ನು ಕಾವಲಿ ಒಂದು ತರ್ಬೇಕು," ಎಂದ ಇಸ್ಮಾಯಿಲ್. ಇಬ್ಬರೂ ಕುಳಿತು ಹೊಟ್ಟೆ ಹಿಡಿದು ನಕ್ಕೆವು. ಆದರೆ ನಗು ನಿಂತ ಮೇಲೆ ಅವನು ವಾಚು ನೋಡಿಕೊಂಡದ್ದನ್ನು ಕಂಡು ನನಗೆ ಸಂಕಟವಾಯಿತು. ಸೇರಿಸಿದ್ದು ನಾನು, ಬೆವರುತ್ತಿರುವುದು ಅವನು. ನಾನೇ ಗಾಡಿಗೆ ಇಳಿದು, ಗ್ಯಾರೇಜಿನವರು ಹಿಂದೆ ಬಿಟ್ಟಿದ್ದ ಕೇರಂ ಬೋರ್ಡಿನ ಜೊತೆ ಬಿದ್ದಿದ್ದ ಪೌಡರಿನ ಡಬ್ಬಿ ಹುಡುಕಿ ಪುನಃ ಹತ್ತಿಬಂದೆ. ಲುಂಗಿಯಿಂದ ಹಲಗೆಗಳನ್ನು ಉಜ್ಜಿ ಉಜ್ಜಿ ಒರೆಸಿ ಪೌಡರು ಸವರಿದೆವು.

ಈ ಸಲ ಹಲಗೆ ಮಿಸುಕಿತು. ಇಸ್ಮಾಯಿಲ್ ಜಾರಿದ. ಕೈ ಎರಡೂ ಅಗಲಿಸಿ, ಬಾಯಿ ತೆರೆದು, ಹತ್ತು ಹೆಜ್ಜೆ ದೂರ ನಿಜವಾಗಿಯೂ ಜಾರಿದ. ನಾನು ನೋಡುತ್ತ ಮೈಮರೆತು ಬಟನ್ ಒತ್ತಲೇ ಇಲ್ಲ. ಒತ್ತಿದಾಗ ಅವನು ಮರಳಿನಲ್ಲಿ ಅಂಗಾತ ಬಿದ್ದು, ಹಲಗೆಗಳು ಆಕಾಶ ನೋಡುತ್ತಿದ್ದವು. ಒಂದು ಪಟ್ಟಿಯೂ ಹರಿದಿತ್ತು.

"ಇನ್ನೊಂದು ಫೋಟೋ ಉಂಟು. ಮೇಲೆ ಜಾರುವ ಹಾಗೆ ನಿಂತುಕೋ, ತೆಗೀತೇನೆ," ಎಂದೆ. ನೋಡಿ, ನನ್ನ ಬುದ್ಧಿ.

ಅವನು ಕಿವಿಯಿಂದ ಮರಳು ಕೊಡವುತ್ತ ಹೇಳಿದ: "ಅದು ಪುನಃ ನಿಮ್ಮ ಕಾಗದದ ಹಾಗೇ ಆಗ್ತದೆ ಮಾರಾಯ್ರೆ. ಬಿದ್ದದ್ದೇ ಇರಲಿ. ಜಾರದೆ ಹೀಗೆ ಬೀಳ್ಲಿಕ್ಕೆ ಆಗ್ತದಾ?"

ಆ ರಾತ್ರಿಯ ಕಾಗದಕ್ಕೆ ಅವನು ಹೇಳಿದ್ದು ಇಷ್ಟೇ: "ಮೈಮುನಾ, ಹಿಂದಿನ ಕಾಗದ ಬರೆಸುವಾಗ ಉಪ್ಪ ಜಾರಿರಲಿಲ್ಲ. ಈಗ ಹತ್ತು ಹೆಜ್ಜೆ ಜಾರಿದ್ದೇನೆ. ಆಮೇಲೆ ಬಿದ್ದೆ." ಕೈ ತುಂಬ ತುರಿಸಿತು, ಆದರೂ ಒಂದಕ್ಷರ ಸೇರಿಸದೆ ಬರೆದು, ಫೋಟೋ ತೊಳೆದು ಬಂದ ಮೇಲೆ ಜೊತೆಗಿಟ್ಟು ಕಳಿಸಿದೆ.

ಅವಳ ಉತ್ತರವನ್ನು ಅವನು ನನ್ನಿಂದ ಎರಡು ಸಲ ಓದಿಸಿದ. "ಉಪ್ಪ, ಪೆಟ್ಟಾಯಿತಾ? ಫೋಟೋ ಶಾಲೆಗೆ ಕೊಂಡುಹೋಗಲಿಲ್ಲ, ಅವರು ನಗುತ್ತಾರೆ. ನನ್ನ ಪುಸ್ತಕದಲ್ಲಿ ಇಟ್ಟಿದ್ದೇನೆ. ಈ ಕಾಗದ ನೀವೇ ಮಾತಾಡಿದ ಹಾಗೆ ಉಂಟು. ಇನ್ನು ಹೀಗೇ ಬರೆಯಿರಿ."

ಎರಡನೇ ಸಲ ಓದುವಾಗ ನನಗೆ ಹೊಳೆಯಿತು. ಮೂರು ವರ್ಷ ಅಷ್ಟೊಂದು ಪುಟ ತುಂಬಿಸಿ, ಆ ಮಗುವಿಗೆ ಅವಳ ತಂದೆಯ ಒಂದು ಮಾತನ್ನೂ ನಾನು ತಲುಪಿಸಿರಲಿಲ್ಲ.

ಇಷ್ಟು ಬರೆದು ಉಳ್ಳಾಲಕ್ಕೆ ಫೋನು ಹಚ್ಚಿದೆ. ಎಣ್ಣೆ ಗಟ್ಟಿಯಾದ ಸುದ್ದಿ ಹೇಳಿದರೆ ಇಸ್ಮಾಯಿಲ್, "ಹಲಗೆಗೆ ಹಚ್ಬೇಡಿ," ಎಂದ. ಅವತ್ತಿನ ಕಥೆ ಬರೆಯುತ್ತಿದ್ದೇನೆ ಎಂದೆ.

"ಎಷ್ಟು ಹೆಜ್ಜೆ ಬರೆದಿರಿ ರೈಟರ್ರೇ?"

ಎದುರಿನ ಹಾಳೆಯಲ್ಲಿ ಮೂವತ್ತು ಎಂದಿತ್ತು.

"ಹತ್ತು," ಎಂದೆ. ಫೋನು ಕಿವಿಗೆ ಹಿಡಿದುಕೊಂಡೇ ಪೆನ್ನು ತೆಗೆದು ಮೂವತ್ತನ್ನು ಹೊಡೆದುಹಾಕಿದೆ.